ಅಡುಗೆಮನೆ ನೆಲ ಅಗೆದು ಮತ್ತೆ ಕಟ್ಟಿದ್ದು

ಹೋದ ವರ್ಷ ಆಗಸ್ಟ್‌ನ ಒಂದು ರಾತ್ರಿ ಅಡುಗೆಮನೆಯಲ್ಲಿ ಟಪ್ ಅಂತ ದೊಡ್ಡ ಶಬ್ದ ಆಯಿತು. ಬೆಳಿಗ್ಗೆ ನೋಡಿದರೆ ಸಿಂಕಿನ ಪಕ್ಕದ ಟೈಲ್ಸ್ ಒಂದಕ್ಕೊಂದು ತಲೆ ಕೊಟ್ಟು ಗುಡಾರದ ಹಾಗೆ ಎದ್ದು ನಿಂತಿವೆ. ಅಮ್ಮ ಅದಕ್ಕೆ ಎಡವಿ ಹೆಬ್ಬೆರಳಿನ ಉಗುರು ಕಿತ್ತುಕೊಂಡಳು. ಅವಳಿಗೆ ಮೊದಲೇ ಮಂಡಿ ನೋವು. ಬರೀ ಮೂರು ಟೈಲ್ಸ್ ಬದಲಾಯಿಸಿದರೆ ಆಗಲ್ಲ, ಮಳೆ ಮುಗಿದ ಮೇಲೆ ಬುಡದಿಂದಲೇ ನೋಡಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಮನೆ ಇರುವುದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗೋಡೆ, ಅದೂ ಮಣ್ಣಿನ ಗಾರೆಯದ್ದು, ಮೇಲೆ ಮಂಗಳೂರು ಹಂಚು. ನಡುಮನೆಗೆ ಅಜ್ಜನ ಕಾಲದ ರೆಡ್ ಆಕ್ಸೈಡ್ ನೆಲ. ಅಡುಗೆಮನೆಯಲ್ಲೂ ಅದೇ ಇತ್ತು, ಸುಮಾರು 12 ವರ್ಷದ ಹಿಂದೆ ಅದರ ಮೇಲೆಯೇ 2 ಅಡಿ ಚೌಕದ ವಿಟ್ರಿಫೈಡ್ ಟೈಲ್ಸ್ ಹಾಕಿಸಿದ್ದೆವು. ಅಪ್ಪ ಅಮ್ಮ ಮಲಗುವ ಕೋಣೆಗೆ ಬಿರುಕು ಬಿಟ್ಟ ಸಿಮೆಂಟ್ ನೆಲ. ಮಳೆಗಾಲದಲ್ಲಿ ಅಲ್ಲಿ ಚಾಪೆ ಹಾಸಿದರೆ ಎರಡು ದಿನಕ್ಕೆ ಬೂಸ್ಟು.

ಒಬ್ಬ ಕಂಟ್ರಾಕ್ಟರ್ ಬಂದು ನೋಡಿ, ಇದರ ಮೇಲೆಯೇ ಇನ್ನೊಂದು ಪದರ ಟೈಲ್ಸ್ ಅಂಟಿಸಿ ಎರಡು ದಿನದಲ್ಲಿ ಮುಗಿಸಿಕೊಡ್ತೀನಿ ಅಂದರು. ಬೇಡ ಅಂದೆ. ಮೊದಲು ನೀರು ಎಲ್ಲಿಂದ ಬರ್ತಿದೆ ಅಂತ ತಿಳಿಯಬೇಕಿತ್ತು.

ಮಾಡಿದ ಮೊದಲ ಕೆಲಸ ಒಂದು ರೂಪಾಯಿ ನಾಣ್ಯ ಹಿಡಿದು ಎಲ್ಲ ಟೈಲ್ಸ್ ಮೇಲೂ ಕುಟ್ಟಿದ್ದು. ಗಟ್ಟಿಯಾಗಿ ಕೂತಿದ್ದರೆ ಟಣ್ ಅಂತ ಬಿಗಿಯಾದ ಶಬ್ದ, ಅಡಿಯಲ್ಲಿ ಪೊಳ್ಳಿದ್ದರೆ ಡಬ ಡಬ. ಪೊಳ್ಳಿದ್ದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹೋದೆ. 30ರಲ್ಲಿ 19 ಪೊಳ್ಳು. ಎದ್ದ ಮೂರನ್ನು ಕಿತ್ತು ತಿರುಗಿಸಿ ನೋಡಿದರೆ ಬೆನ್ನು ಅಂಗಡಿಯಿಂದ ತಂದ ದಿನದ ಹಾಗೆ ಕ್ಲೀನಾಗಿದೆ, ಸಿಮೆಂಟಿನ ಒಂದು ಚೂರೂ ಹಿಡಿದಿಲ್ಲ. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು 0.5%ಕ್ಕಿಂತ ಕಮ್ಮಿ. ಸಿಮೆಂಟ್ ಹಾಲು, ಅಂದರೆ ನೀರಿನಲ್ಲಿ ತೆಳ್ಳಗೆ ಕಲಸಿದ ಸಿಮೆಂಟ್, ಹಿಡಿಯಬೇಕಾದರೆ ಟೈಲ್ಸ್ ಸ್ವಲ್ಪವಾದರೂ ಹೀರಬೇಕು. ಹಳೇ ಸೆರಾಮಿಕ್ ಟೈಲ್ಸ್ ಹೀರುತ್ತಿತ್ತು, ಅದಕ್ಕೆ ಆ ಪದ್ಧತಿ ನಡೆಯುತ್ತಿತ್ತು. ಇದು ಗಾಜಿನ ಹಾಗೆ. ಅದರ ಮೇಲೆ ನಮ್ಮಲ್ಲಿ ಒಂದಕ್ಕೊಂದು ಅಂಟಿಸಿ ಸಂದೇ ಇಲ್ಲದ ಹಾಗೆ ಜೋಡಿಸಿದ್ದರು, ಗೋಡೆ ಅಂಚಿಗೂ ಜಾಗ ಬಿಟ್ಟಿರಲಿಲ್ಲ. ನೆಲ ಸ್ವಲ್ಪ ಹಿಗ್ಗಿದರೂ ಟೈಲ್ಸ್‌ಗೆ ಮೇಲೆ ಏಳುವುದು ಬಿಟ್ಟು ಬೇರೆ ದಾರಿ ಇಲ್ಲ.

ಎರಡನೇ ಪರೀಕ್ಷೆ ಪ್ಲಾಸ್ಟಿಕ್ ಹಾಳೆಯದ್ದು. ಯಾರು ಬೇಕಾದರೂ ಮಾಡಬಹುದು, ಖರ್ಚೇ ಇಲ್ಲ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ತುಂಡು ನೆಲದ ಮೇಲೆ ಹಾಸಿ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡಬೇಕು. ಹಾಳೆಯ ಅಡಿಗೆ ಹನಿ ಕಟ್ಟಿದರೆ ತೇವ ನೆಲದ ಒಳಗಿಂದ ಬರ್ತಿದೆ. ಅಡಿ ಒಣಗಿದ್ದು ಮೇಲೆ ಹನಿ ಇದ್ದರೆ ಗಾಳಿಯ ತೇವ ತಣ್ಣಗಿರುವ ನೆಲಕ್ಕೆ ತಾಗಿ ಬೆವರಿದ್ದು. ಎರಡಕ್ಕೂ ನಾವು 'ನೆಲ ಬೆವರ್ತಿದೆ' ಅಂತಲೇ ಹೇಳ್ತೀವಿ, ಆದರೆ ಎರಡಕ್ಕೂ ಔಷಧಿ ಬೇರೆ. ಸೆಪ್ಟೆಂಬರ್‌ನಲ್ಲಿ ಮೂರು ಕಡೆ ಹಾಕಿದೆ. ಅಡುಗೆಮನೆಯಲ್ಲಿ ಟೈಲ್ಸ್ ಕಿತ್ತ ಜಾಗದಲ್ಲಿ ಹಾಳೆ ಎತ್ತಿದಾಗ ಅಡಿಯಿಂದ ನೀರು ಸುರಿಯಿತು. ಮಲಗುವ ಕೋಣೆಯಲ್ಲಿ ಸಣ್ಣ ಸಣ್ಣ ಹನಿ. ನಡುಮನೆಯಲ್ಲಿ ನೆಲದ ಬಣ್ಣ ಸ್ವಲ್ಪ ಗಾಢ ಆಗಿತ್ತು, ಅಷ್ಟೇ. ಅಡುಗೆಮನೆ ಮತ್ತು ಮಲಗುವ ಕೋಣೆ ಎರಡೂ ಮನೆಯ ಹಿಂಬದಿಗೆ. ಹಿಂಬದಿಗೆ ಧರೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆ.

ಅಲ್ಲಿಗೆ ವಿಷಯ ಅರ್ಧ ಬಗೆಹರಿಯಿತು. ನೀರು ತುಂಬಿದ ಪೈಪು ಹಿಡಿದು ಒಳಗಿನ ನೆಲಕ್ಕೂ ಹಿತ್ತಿಲಿಗೂ ಮಟ್ಟ ನೋಡಿದರೆ ಹಿತ್ತಿಲೇ 5 ಇಂಚು ಎತ್ತರ! ಧರೆಯ ಮಣ್ಣು ವರ್ಷಾ ವರ್ಷ ಜಾರಿ ಬಂದಿದೆ, ಪಾತ್ರೆ ತೊಳೆಯುವ ಜಾಗಕ್ಕೆ ನಾವೇ ಮೇಲಿಂದ ಮೇಲೆ ಕಾಂಕ್ರೀಟ್ ಹಾಕಿದ್ದೇವೆ, ಸೂರಿನ ನೀರೆಲ್ಲ ಅಲ್ಲಿಗೇ ಬೀಳ್ತದೆ. ಒಳಗೆ ಎಂಥಾ ನೆಲ ಹಾಕಿದ್ದರೂ ಬಾಳುತ್ತಿರಲಿಲ್ಲ.

ಹಾಗಾಗಿ ನೆಲದ ಕೆಲಸ ಶುರುವಾಗಿದ್ದು ಮನೆಯ ಹೊರಗೆ. ನವೆಂಬರ್‌ನಲ್ಲಿ ಹಿಂದಿನ ಗೋಡೆಯ ಉದ್ದಕ್ಕೂ 3 ಅಡಿ ಅಗಲಕ್ಕೆ ಮಣ್ಣು ತೆಗೆಸಿ, ಒಳಗಿನ ನೆಲಕ್ಕಿಂತ ಒಂದು ಅಡಿ ಕೆಳಗೆ ತಂದೆವು. ಅಲ್ಲಿ ಚರಂಡಿ, 10 ಅಡಿಗೆ 1 ಇಂಚು ವಾಟ (ಇಳಿಜಾರು) ಕೊಟ್ಟು ತೋಟದ ಕಡೆ ತಿರುಗಿಸಿದ್ದು. ಸೂರಿಗೆ ಮೊದಲು ಅಡಿಕೆ ದಂಬೆ (ಸೀಳಿದ ಅಡಿಕೆ ಮರದ ದೋಣಿ) ಇತ್ತು, ಅದು ಲಡ್ಡಾಗಿ ಎಷ್ಟೋ ವರ್ಷ ಆಗಿತ್ತು, ಪಿವಿಸಿ ದೋಣಿ ಹಾಕಿಸಿದೆ. ಮನೆ ಒಳಗೆ ನೆಲ ಸೀಲ್ ಮಾಡಿ ಹೊರಗಿನ ನೀರು ಹಾಗೇ ಬಿಟ್ಟರೆ ಆ ತೇವ ಗೋಡೆ ಹತ್ತುತ್ತದೆ. ಮಣ್ಣಿನ ಗಾರೆಯ ಜಂಬಿಟ್ಟಿಗೆ ಗೋಡೆಗೆ ಬುಡದಲ್ಲಿ ತೇವ ತಡೆಯುವ ಪಟ್ಟಿ ಇರುವುದಿಲ್ಲ. ನೆಲ ಒಣಗಿಸಲು ಹೋಗಿ ಗೋಡೆ ಹಾಳು ಮಾಡಿಕೊಂಡವರ ಮನೆ ನಮ್ಮ ಊರಲ್ಲೇ ಇದೆ.

ಜನವರಿ ಮೊದಲ ವಾರ ಅಡುಗೆಮನೆ, ಮಲಗುವ ಕೋಣೆ ಎರಡನ್ನೂ ಅಗೆಯಲು ಹಿಡಿದೆವು. ಎಷ್ಟು ಆಳ ಅಗೆಯಬೇಕು ಅನ್ನುವ ಲೆಕ್ಕ ಮೇಲಿಂದ ಕೆಳಗೆ ಹಾಕಬೇಕು, ಇದನ್ನು ತುಂಬಾ ಜನ ಮರೀತಾರೆ, ಆಮೇಲೆ ಬಾಗಿಲು ಕೊಯ್ಯುವ ಹೊತ್ತಿಗೆ ನೆನಪಾಗುತ್ತದೆ. ಹೊಸ್ತಿಲಿಗೆ ಸರಿಯಾಗಿ ನೆಲ ಎಲ್ಲಿ ಬರಬೇಕೋ ಅಲ್ಲಿ ಗೋಡೆಗೆ ಗೆರೆ ಎಳೆದೆ. ಅಲ್ಲಿಂದ ಟೈಲ್ಸ್ ಮತ್ತು ಅಂಟು ಸೇರಿ ಅರ್ಧ ಇಂಚು, ಮಟ್ಟ ಮಾಡುವ ಗಾರೆ ಒಂದೂವರೆ ಇಂಚು, ಕಾಂಕ್ರೀಟ್ 4 ಇಂಚು, ಬೇಬಿ ಜಲ್ಲಿ (ತೀರಾ ಸಣ್ಣ ಜಲ್ಲಿ) ಮತ್ತು ಮರಳು 1 ಇಂಚು, ಸೋಲಿಂಗ್, ಅಂದರೆ ತಳಕ್ಕೆ ಜೋಡಿಸುವ ಕಲ್ಲಿನ ಪದರ, 6 ಇಂಚು. ಒಟ್ಟು 13 ಇಂಚು.

ಹಳೇ ಮನೆಯಲ್ಲಿ ಒಂದು ಭಯ ಇರುತ್ತದೆ, ಪಾಯ ಎಷ್ಟು ಆಳ ಇದೆ ಅಂತ ಗೊತ್ತಿರುವುದಿಲ್ಲ. ಮೊದಲು ಒಂದು ಮೂಲೆಯಲ್ಲಿ ಮಾತ್ರ ಗುಂಡಿ ತೆಗೆದು ನೋಡಿದೆವು. ಕಲ್ಲಿನ ಪಾಯ 2 ಅಡಿಗಿಂತ ಕೆಳಗೆ ಹೋಗಿತ್ತು, ಸಮಾಧಾನ ಆಯಿತು. ಆದರೂ ಮೇಸ್ತ್ರಿ ಪೂರ್ತಿ ಕೋಣೆ ಒಟ್ಟಿಗೆ ಅಗೆಯಲು ಒಪ್ಪಲಿಲ್ಲ. "ಅರ್ಧ ಅಗದು, ಕಲ್ಲು ತುಂಬಿ, ಆಮೇಲೆ ಇನ್ನರ್ಧ ಮುಟ್ಟಣ ಅಣ್ಣ. ಗೋಡೆ ಬುಡ ಎಲ್ಲಾ ಕಡೆ ಒಂದೇ ಸಲ ಬಿಚ್ಚಬಾರ್ದು" ಅಂದರು. ಅವರ ಮಾತೇ ಸರಿ.

ಅಗೆದ ಅಂಚಿನಲ್ಲಿ ನೆಲದ ಪದರಗಳು ಕಾಣಿಸಿದವು. ಮೇಲೆ ಟೈಲ್ಸ್, ಅದರಡಿ ಪುಡಿ ಪುಡಿಯಾದ ಗಾರೆ, ಆಮೇಲೆ ಕಾಲು ಇಂಚೂ ಇಲ್ಲದ ಕೆಂಪು ಆಕ್ಸೈಡ್, ಅದರಡಿ ಒಂದು ಇಂಚು ಸಿಮೆಂಟ್, ಮತ್ತೆ ಇಟ್ಟಿಗೆ ಚೂರು ಮತ್ತು ಸುಣ್ಣ. ಅದರ ಕೆಳಗೆ ಸೀಸದ ಕಡ್ಡಿಯಲ್ಲಿ ಗೀಚಿದ ಹಾಗೆ ಒಂದು ಕಪ್ಪು ಗೆರೆ. ಅಪ್ಪ ಕುಕ್ಕರುಗಾಲಲ್ಲಿ ಕೂತು ಬೆರಳಲ್ಲಿ ಉಜ್ಜಿ ನೋಡಿ, "ಇದು ನಮ್ಮ ಅಮ್ಮ ಸಾರಿಸ್ತಿದ್ದ ನೆಲ ಕಣೋ" ಅಂದರು. ಕರಟ ಸುಟ್ಟ ಮಸಿಯನ್ನು ಸಗಣಿಗೆ ಕಲಸಿ ಸಾರಿಸುತ್ತಿದ್ದರಂತೆ, ನುಣ್ಣನೆ ಕಲ್ಲಿನಲ್ಲಿ ತಿಕ್ಕಿ ತಿಕ್ಕಿ ಹೊಳಪು ಬರಿಸುತ್ತಿದ್ದರಂತೆ. ಅದರ ಕೆಳಗೆ ಬರೀ ಪೆಟ್ಟಣೆ ಹೊಡೆದ ಕೆಂಪು ಮಣ್ಣು. ಕಲ್ಲು, ಸೋಲಿಂಗ್ ಏನೂ ಇಲ್ಲ. ಸಗಣಿ ನೆಲ ಇದ್ದಾಗ ಮಣ್ಣಿನ ತೇವ ಮೇಲೆ ಬಂದು ಹಾಗೇ ಆರಿ ಹೋಗುತ್ತಿತ್ತು, ವಾರಕ್ಕೊಮ್ಮೆ ಮತ್ತೆ ಸಾರಿಸುತ್ತಿದ್ದರು. ಅದೇ ಮಣ್ಣಿನ ಮೇಲೆ ಗಾಜಿನಂಥ ಟೈಲ್ಸ್ ಮುಚ್ಚಿದ್ದು ನಾವು.

ಸೋಲಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ಇಲ್ಲೇ ಎಲ್ಲರೂ ಅವಸರ ಮಾಡುವುದು. 6 ಇಂಚಿನ ಕಲ್ಲುಗಳನ್ನು ಸುಮ್ನೆ ಲೋಡ್ ಸುರಿದು ಹರಡುವುದಲ್ಲ. ಒಂದೊಂದನ್ನೂ ಕೈಯಲ್ಲಿ ಎತ್ತಿ, ಅಗಲ ಭಾಗ ಕೆಳಗೆ ಬರುವ ಹಾಗೆ ನೆಟ್ಟಗೆ ನಿಲ್ಲಿಸಿ, ಸಂದಿಗೆ ಚಕ್ಕೆ ಕಲ್ಲು ಹೊಡೆದು ಬಿಗಿ ಮಾಡಬೇಕು. ಮೇಸ್ತ್ರಿ ಇಟ್ಟ ಕಲ್ಲಿನ ಮೇಲೆ ಹತ್ತಿ ನಿಂತು ಅಲ್ಲಾಡಿಸಿ ನೋಡುತ್ತಿದ್ದರು, ಅಲ್ಲಾಡಿದರೆ ಕಿತ್ತು ಮತ್ತೆ ಇಡುತ್ತಿದ್ದರು. ಅಡುಗೆಮನೆಯ 120 ಚದರ ಅಡಿಗೆ ಎರಡು ದಿನ ಹಿಡಿಯಿತು. ಮಧ್ಯಾಹ್ನ ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಕೆಲಸದ ಹುಡುಗ ಅಗೆದ ಮಣ್ಣನ್ನೇ ಸಂದಿಗೆ ತುಂಬಲು ಶುರು ಮಾಡಿದ್ದ. ಎಲ್ಲಾ ಕಡೆ ಹಾಗೇ ಮಾಡ್ತಾರೆ, ಅವನ ತಪ್ಪಲ್ಲ. ತೆಗೆಸಿದೆವು. ಮಣ್ಣಿನ ಸಣ್ಣ ಸಣ್ಣ ರಂಧ್ರದಲ್ಲಿ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಏರುತ್ತದೆ. ಕಲ್ಲು ಮತ್ತು ಜಲ್ಲಿ ನಡುವಿನ ದೊಡ್ಡ ಸಂದಿಯಲ್ಲಿ ಹಾಗೆ ಏರಲು ಆಗುವುದಿಲ್ಲ. ಸೋಲಿಂಗ್ ಭಾರ ಹೊರುವುದಕ್ಕೆ ಮಾತ್ರ ಅಲ್ಲ, ಆ ಬತ್ತಿಯನ್ನು ಕತ್ತರಿಸುವುದಕ್ಕೂ ಇರುವುದು. ಸಂದಿಗೆ ಮಣ್ಣು ತುಂಬಿದರೆ ಬತ್ತಿ ಮತ್ತೆ ಜೋಡಿಸಿದ ಹಾಗೇ ಅಲ್ವಾ? 20 ಎಂಎಂ ಜಲ್ಲಿ ತುಂಬಿ ದಿಮ್ಮಸು ಹೊಡೆಸಿದೆ, ಮೇಲೆ ಬೇಬಿ ಜಲ್ಲಿ.

ಗೆದ್ದಲು ಔಷಧಿ ಮಲಗುವ ಕೋಣೆಗೆ ಮಾತ್ರ ಹಾಕಿದೆ. ಇಮಿಡಾಕ್ಲೋಪ್ರಿಡ್ 30.5 ಅನ್ನುವುದನ್ನು ಲೀಟರ್ ನೀರಿಗೆ 2.1 ಮಿಲಿ ಬೆರೆಸಿ, ಚದರ ಮೀಟರ್‌ಗೆ 5 ಲೀಟರ್ ಲೆಕ್ಕದಲ್ಲಿ, ಕಲ್ಲು ಇಡುವ ಮೊದಲೇ ಮಣ್ಣಿಗೆ. ಕೋಣೆ ಸುಮಾರು 10 ಚದರ ಮೀಟರ್, 50 ಲೀಟರ್ ಹಿಡಿಯಿತು. ಅಡುಗೆಮನೆಯಿಂದ ಬಾವಿ ಹತ್ತಿರ ಇದೆ, ಆ ನೀರನ್ನೇ ಕುಡಿಯುವುದು. ಅಲ್ಲಿ ಒಂದು ಹನಿಯೂ ಹಾಕಲಿಲ್ಲ.

ಆಮೇಲೆ ನನ್ನದೊಂದು ತಪ್ಪಾಯಿತು. ಕಾಂಕ್ರೀಟಿನ ಅಡಿಗೆ ಹಾಸಲು 1000 ಗೇಜಿನ, ಅಂದರೆ 250 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ತಂದಿದ್ದೆ. ಬೇಬಿ ಜಲ್ಲಿ ಮೇಲೆ ನೇರವಾಗಿ ಹಾಸಿಬಿಟ್ಟೆ. ಒಂದು ಗಂಟೆ ಓಡಾಡಿದ ಮೇಲೆ ಬೆಳಕಿಗೆ ಹಿಡಿದು ನೋಡಿದರೆ ಐದು ಕಡೆ ತೂತು. ಹಾಳೆ ತೆಗೆದು, ಅರ್ಧ ಇಂಚು ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಹರಡಿ, ನೀರು ಚಿಮುಕಿಸಿ ಮಟ್ಟಗೋಲಿನಲ್ಲಿ ಎಳೆದು, ಹೊಸ ಹಾಳೆ ಹಾಸಿದೆವು. ಅಂಚನ್ನು ಗೋಡೆಗೆ ಕಾಂಕ್ರೀಟಿನ ಎತ್ತರದವರೆಗೂ ಮಡಚಿ ನಿಲ್ಲಿಸಬೇಕು, ಇಲ್ಲದಿದ್ದರೆ ಸುತ್ತಲಿನ ಅಂಚಿನಿಂದ ತೇವ ನುಗ್ಗುತ್ತದೆ.

ಕಾಂಕ್ರೀಟಿಗೆ ಸಿಮೆಂಟ್, ಮರಳು, ಜಲ್ಲಿ 1:3:6 ಬೆರಕೆ. 120 ಚದರ ಅಡಿಗೆ 4 ಇಂಚು ಅಂದರೆ 40 ಘನ ಅಡಿ. ಒಣ ಸಾಮಾನು ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಬೇಕಾಗುತ್ತದೆ. ಸಿಮೆಂಟ್ 5 ಚೀಲ, ಎಂ ಸ್ಯಾಂಡ್ 19 ಘನ ಅಡಿ, ಜಲ್ಲಿ 37 ಘನ ಅಡಿ ಹತ್ತಿರ ಹತ್ತಿರ ಸರಿಹೋಯಿತು. ಬಾಂಡ್ಲಿಯಿಂದ ಸುರಿದಾಗ ಗುಡ್ಡೆಯಾಗಿ ನಿಲ್ಲಬೇಕು, ಸಾರಿನ ಹಾಗೆ ಹರಿಯಬಾರದು. ಹರಡಲು ಸುಲಭ ಅಂತ ನೀರು ಜಾಸ್ತಿ ಹಾಕುತ್ತಾರೆ, ಆ ನೀರು ಆರಿದ ಜಾಗವೇ ಆಮೇಲೆ ಬಿರುಕು. ಮಾರನೇ ದಿನ ಸುತ್ತ ಮಣ್ಣಿನ ಸಣ್ಣ ಕಟ್ಟೆ ಕಟ್ಟಿ ಹತ್ತು ದಿನ ನೀರು ನಿಲ್ಲಿಸಿದೆ. ಆಮೇಲೆ ನಾಲ್ಕು ವಾರ ತುಂಬುವವರೆಗೆ ಮುಟ್ಟಲಿಲ್ಲ. ಆ ದಿನಗಳಲ್ಲಿ ಅಡುಗೆ ಜಗುಲಿಯಲ್ಲಿ ಗ್ಯಾಸ್ ಇಟ್ಟುಕೊಂಡು. ಅಮ್ಮನಿಗೆ ಕಷ್ಟವಾಯಿತು, ಆದರೂ ಬೇಗ ಮುಗಿಸು ಅಂತ ಒಂದು ಸಲವೂ ಹೇಳಲಿಲ್ಲ.

ಮೇಲೆ ಏನು ಹಾಕುವುದು ಅನ್ನುವ ಚರ್ಚೆ ಆ ನಾಲ್ಕು ವಾರದಲ್ಲಿ ನಡೆಯಿತು. ಅಪ್ಪನಿಗೆ ಶಹಾಬಾದ್ ಕಲ್ಲು ಇಷ್ಟ. ಕಲಬುರಗಿ ಕಡೆಯ ಕಲ್ಲು, ತಣ್ಣಗಿರುತ್ತದೆ, ಒರಟಾಗಿ ಬಿಟ್ಟರೆ ಜಾರುವುದಿಲ್ಲ, ರೇಟೂ ಕೈಗೆಟುಕುತ್ತದೆ. ನನಗೆ ರಾಜಸ್ಥಾನದ ಕೋಟಾ ಕಲ್ಲಿನ ಮೇಲೆ ಕಣ್ಣಿತ್ತು. ಎರಡೂ ಸುಣ್ಣಕಲ್ಲಿನ ಜಾತಿ, ಹುಳಿ ತಾಗಿದರೆ ಸವೆಯುತ್ತವೆ. ಎರಡರದ್ದೂ ತುಂಡು ತಂದು ಅಮ್ಮನಿಗೆ ಕೊಟ್ಟೆ. ಅವಳು ಒಂದರ ಮೇಲೆ ನಿಂಬೆಹೋಳು ಕವುಚಿಟ್ಟಳು, ಇನ್ನೊಂದರ ಮೇಲೆ ಹುಣಸೆ ರಸ, ಪಕ್ಕದಲ್ಲಿ ಅರಿಶಿನ ಕಲಸಿದ ಎಣ್ಣೆ. ಬೆಳಿಗ್ಗೆ ತೊಳೆದರೆ ಪಾಲಿಶ್ ಮಾಡಿದ ಕೋಟಾ ಮೇಲೆ ನಿಂಬೆಹೋಳಿನ ಅಳತೆಗೆ ಸರಿಯಾಗಿ ಮಂಕಾದ ಒಂದು ವೃತ್ತ, ಶಹಾಬಾದ್ ಮೇಲೆ ಹೋಗದ ಹಳದಿ. ಜಗುಲಿಗೆ, ಅಂಗಳಕ್ಕೆ ಇವಕ್ಕಿಂತ ಒಳ್ಳೆಯದು ಕಾಣೆ, ಆದರೆ ನಮ್ಮ ಅಡುಗೆಮನೆಗೆ ಬೇಡ ಅಂತ ಅಲ್ಲೇ ತೀರ್ಮಾನವಾಯಿತು. ಆಸಿಡ್ ಹಾಕಿ ತೊಳೆಯುವ ಅಭ್ಯಾಸ ಇರುವ ಮನೆಯವರು ಬಚ್ಚಲಿಗೂ ಸುಣ್ಣಕಲ್ಲು ಹಾಕಬೇಡಿ.

ಇಳಕಲ್ ಕೆಂಪು ಗ್ರಾನೈಟ್ ನೋಡಿದೆವು. ಹುಳಿಗೆ ಜಗ್ಗುವುದಿಲ್ಲ, ತಲೆಮಾರು ಬಾಳುತ್ತದೆ. ಆದರೆ ಪಾಲಿಶ್ ಮಾಡಿದ್ದು ನೀರು ಬಿದ್ದರೆ ಜಾರುತ್ತದೆ, ಮಂಡಿ ನೋವಿನವರ ಮನೆಗೆ ಧೈರ್ಯ ಬರಲಿಲ್ಲ. ಲ್ಯಾಮಿನೇಟ್ ಮರದ ನೆಲದ ಹೊಟ್ಟೆಯಲ್ಲಿರುವುದು ಒತ್ತಿದ ಮರದ ಪುಡಿ, ತೇವಕ್ಕೆ ಊದುತ್ತದೆ, ಮಲೆನಾಡಿನ ನೆಲಮಹಡಿಗೆ ಅದರ ಯೋಚನೆಯೇ ಬೇಡ. ಕೊನೆಗೆ ಅಡುಗೆಮನೆಗೆ ಮ್ಯಾಟ್ ಫಿನಿಷ್‌ನ 2 ಅಡಿ ವಿಟ್ರಿಫೈಡ್ ಟೈಲ್ಸ್ ಅಂತಾಯಿತು. ಅಂಗಡಿಯಲ್ಲೇ ಒಂದು ಟೈಲ್ಸ್ ನೆಲಕ್ಕೆ ಹಾಕಿಸಿ, ನೀರು ಚೆಲ್ಲಿ, ಅಮ್ಮ ಬರಿಗಾಲಲ್ಲಿ ನಿಂತು ನೋಡಿದ ಮೇಲೆ ದುಡ್ಡು ಕೊಟ್ಟಿದ್ದು.

ಹಾಕುವಾಗ ಸಿಮೆಂಟ್ ಹಾಲು ಇಲ್ಲ, ಟೈಲ್ಸ್ ಅಂಟು. ಚೀಲದ ಮೇಲೆ ಐಎಸ್ 15477 (ಭಾರತೀಯ ಮಾನಕದ ಸಂಖ್ಯೆ) ಅಂತ ಇರುತ್ತದೆ, ಅದರಲ್ಲಿ ಟೈಪ್ 2 ತಗೊಂಡೆ. ಹಲ್ಲಿನ ಕರಣೆಯಲ್ಲಿ ನೆಲಕ್ಕೆ ಗೀರು ಎಳೆದು, ಟೈಲ್ಸ್ ಬೆನ್ನಿಗೂ ತೆಳ್ಳಗೆ ಸವರಿ ಕೂರಿಸಿದ್ದು. ನಾಲ್ಕು ಮೂಲೆಗೆ ನಾಲ್ಕು ಉಂಡೆ, ನಡುವೆ ಒಂದು ಉಂಡೆ ಇಟ್ಟು ಒತ್ತುವ ಪದ್ಧತಿ ಇದೆ, ಅದರಲ್ಲಿ ಉಂಡೆಗಳ ನಡುವೆ ಪೊಳ್ಳು ಉಳಿದೇ ಉಳಿಯುತ್ತದೆ. ಮೊದಲ ಮೂರು ಟೈಲ್ಸ್ ಕೂರಿಸಿ, ಒಂದನ್ನು ತಕ್ಷಣ ಎತ್ತಿ ಬೆನ್ನು ನೋಡಿದೆವು. ಒಂದು ಮೂಲೆಯಲ್ಲಿ ಅಂಗೈಯಷ್ಟು ಜಾಗಕ್ಕೆ ಅಂಟು ತಾಗಿರಲಿಲ್ಲ. ಆಮೇಲೆ ಮೇಸ್ತ್ರಿ ಗೀರು ಎಳೆಯುವ ದಿಕ್ಕಿಗೆ ಅಡ್ಡಲಾಗಿ ಟೈಲ್ಸ್ ಸರಿಸಿ ಒತ್ತಲು ಶುರು ಮಾಡಿದರು, ಗೀರುಗಳು ಕೂಡಿಕೊಂಡು ಪೂರ್ತಿ ಹಿಡಿಯಿತು. ಟೈಲ್ಸ್ ನಡುವೆ ಸಂದಿ ಬಿಡಲು 3 ಎಂಎಂ ಸ್ಪೇಸರ್, ಗೋಡೆ ಅಂಚಿಗೆ 6 ಎಂಎಂ ಬಿಟ್ಟು ಸ್ಕರ್ಟಿಂಗ್‌ನಲ್ಲಿ ಮುಚ್ಚಿದ್ದು, ಸಂದಿಗೆ ತುಂಬಿದ್ದು ಎಪಾಕ್ಸಿ, ನೀರು ಇಳಿಯದ ಅಂಟು. ಸಿಂಕ್ ಕಡೆ ತೀರಾ ಸಣ್ಣ ವಾಟ. ಮರುವಾರ ನಾಣ್ಯ ಹಿಡಿದು ಎಲ್ಲಾ ಕುಟ್ಟಿದೆ. ಒಂದೇ ಒಂದು, ಬಾಗಿಲ ಮೂಲೆಯದ್ದು, ಸ್ವಲ್ಪ ಪೊಳ್ಳು ಶಬ್ದ ಕೊಟ್ಟಿತು. ಕಿತ್ತು ಮತ್ತೆ ಹಾಕಿಸಿದೆ.

ಮಲಗುವ ಕೋಣೆಗೆ ಮಾತ್ರ ರೆಡ್ ಆಕ್ಸೈಡೇ ಬೇಕು ಅಂತ ನನ್ನ ಹಟ. ಈ ಕೆಲಸ ಬಲ್ಲವರು ಕಮ್ಮಿ. ಪಕ್ಕದೂರಿನ ಒಬ್ಬ ಹಿರಿಯ ಗಾರೆಯವರು ಬಂದರು, ಬೆಳಿಗ್ಗೆ ಆರಕ್ಕೆ ಶುರು, ಕೋಣೆ ಮುಗಿಯುವವರೆಗೆ ನಿಲ್ಲಿಸುವ ಹಾಗಿಲ್ಲ. ಇವತ್ತರ್ಧ ನಾಳೆಯರ್ಧ ಮಾಡಿದರೆ ಆ ಗೆರೆ ಜೀವಮಾನಕ್ಕೂ ಕಾಣುತ್ತದೆ. ಕಾಂಕ್ರೀಟ್ ಹಿಂದಿನ ರಾತ್ರಿಯಿಂದ ನೆನೆದಿತ್ತು. ಗಾಜಿನ ಪಟ್ಟಿ ನಿಲ್ಲಿಸಿ ಕೋಣೆಯನ್ನು ನಾಲ್ಕು ಭಾಗ ಮಾಡಿಕೊಂಡೆವು, ಬಿರುಕು ಬಂದರೂ ಅಲ್ಲೇ ನಿಲ್ಲಲಿ ಅಂತ. 1:3 ಗಾರೆ ಒಂದು ಇಂಚು, ಅದು ಹಸಿ ಇರುವಾಗಲೇ ಮೇಲೆ ಒಂದು ಪಾಲು ಆಕ್ಸೈಡಿಗೆ ಮೂರು ಪಾಲು ಸಿಮೆಂಟ್. ಆ ಪುಡಿಯನ್ನು ಒಣಗಿದ್ದಾಗಲೇ ಎರಡು ಸಲ ಜರಡಿ ಹಿಡಿದು ಇಡೀ ಕೋಣೆಗೆ ಆಗುವಷ್ಟು ಒಂದೇ ಸಲ ಬೆರೆಸಿಟ್ಟುಕೊಂಡಿದ್ದರು, ಇಲ್ಲದಿದ್ದರೆ ಬಣ್ಣ ಒಂದೊಂದು ಕಡೆ ಒಂದೊಂದು ತರ. ಆಮೇಲೆ ಕರಣೆಯಲ್ಲಿ ತಿಕ್ಕುವುದು. ಅವರು ಮೊಣಕೈ ಊರಿ ಸಣ್ಣ ಸಣ್ಣ ಸುತ್ತಿನಲ್ಲಿ ತಿಕ್ಕುತ್ತಾ ಹಿಂದೆ ಹಿಂದೆ ಸರಿಯುವಾಗ, ಮಂಕಾಗಿದ್ದ ಕೆಂಪು ಕರಣೆಯ ಅಡಿಯಿಂದ ಹೊಳೆಯುತ್ತಾ ಬರುವುದನ್ನು ನಾನು ಬಾಗಿಲಲ್ಲಿ ನಿಂತು ಸಂಜೆಯವರೆಗೂ ನೋಡಿದೆ.

ಹೋಗುವಾಗ ಕಿಟಕಿ ಬಾಗಿಲು ಎಲ್ಲಾ ಮುಚ್ಚಿಡಿ ಅಂತ ಹೇಳಿ ಹೋಗಿದ್ದರು. ಒಂದು ಕಿಟಕಿ ಅಗಳಿ ಹಾಕಿರಲಿಲ್ಲ, ರಾತ್ರಿ ಗಾಳಿಗೆ ತೆರೆದುಕೊಂಡಿದೆ. ಬೆಳಿಗ್ಗೆ ಆ ಮೂಲೆಯಲ್ಲಿ ಕೂದಲೆಳೆಯಂಥ ಗೆರೆಗಳು. ಉಳಿದ ಮೂರು ಭಾಗಕ್ಕೆ ಒಂದೂ ಇಲ್ಲ. ನನಗೆ ತುಂಬಾ ಬೇಜಾರಾಯಿತು. ಅವರು ಬಂದು ನೋಡಿ ಮುಟ್ಟಬೇಡಿ ಅಂದರು, ತೇಪೆ ಹಾಕಿದರೆ ಬಣ್ಣ ಕೂಡುವುದಿಲ್ಲ, ಗೆರೆಗಿಂತ ತೇಪೆಯೇ ಎದ್ದು ಕಾಣುತ್ತದೆ. ಹತ್ತು ದಿನ ನೀರು ನಿಲ್ಲಿಸಿ, ಪೂರ್ತಿ ಒಣಗಿದ ಮೇಲೆ ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿ ಬಟ್ಟೆಯಲ್ಲಿ ಉಜ್ಜಿದೆವು. ಗೆರೆ ಇದೆ, ಗೊತ್ತಿದ್ದವರಿಗೆ ಕಾಣುತ್ತದೆ.

ನಡುಮನೆಯನ್ನು ಹಾಗೇ ಬಿಟ್ಟೆ. ತೇವ ಕಮ್ಮಿ, ನೆಲ ಗಟ್ಟಿ ಇದೆ, ಅದನ್ನು ಅಗೆಯಲು ಕಾರಣವೇ ಇರಲಿಲ್ಲ. ಅಟ್ಟದ ವಿಷಯ ಒಂದು ಮಾತು: ಮರದ ಮುಚ್ಚಿಗೆಯ ಮೇಲೆ ಮಣ್ಣು ಹಾಕಿದ ಅಟ್ಟಕ್ಕೂ ಟೈಲ್ಸ್ ಹಾಕಿಸೋಣ ಅಂತ ಅಪ್ಪ ಕೇಳಿದರು. 2 ಇಂಚು ಗಾರೆ ಮತ್ತು ಟೈಲ್ಸ್ ಸೇರಿದರೆ ಚದರ ಅಡಿಗೆ 12 ಕೆಜಿ ಹತ್ತಿರ ಭಾರ, ಮೇಲಾಗಿ ತೊಲೆ ಮಳೆಗಾಲಕ್ಕೊಮ್ಮೆ ಬೇಸಿಗೆಗೊಮ್ಮೆ ಹಿಗ್ಗಿ ಕುಗ್ಗುತ್ತದೆ, ಟೈಲ್ಸ್ ಬಗ್ಗುವುದಿಲ್ಲ. ಹಲಗೆ ಮಾತ್ರ ಬದಲಾಯಿಸಿದೆವು.

ಈ ಜುಲೈನಲ್ಲಿ, ಎಡೆಬಿಡದೆ ಒಂದು ವಾರ ಮಳೆ ಸುರಿದ ಮೇಲೆ, ಅದೇ ಪ್ಲಾಸ್ಟಿಕ್ ಹಾಳೆ ತಂದು ಮತ್ತೆ ಹಾಸಿದೆ. ಮಲಗುವ ಕೋಣೆಯಲ್ಲಿ ಅಡಿ ಒಣ. ಅಡುಗೆಮನೆಯಲ್ಲಿ ಎಪಾಕ್ಸಿ ಸಂದಿ ಮೇಲೆ ಬರುವ ಹಾಗೆ ಹಾಕಿದ್ದೆ, ಅಲ್ಲೂ ಒಣ, ಹಾಳೆಯ ಮೇಲ್ಭಾಗದಲ್ಲಿ ಮಾತ್ರ ಬೆಳಿಗ್ಗೆ ಹೊತ್ತು ಹನಿ. ಅದು ಗಾಳಿಯ ತೇವ, ಹಿಂದಿನ ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿದ ಮೇಲೆ ಅರ್ಧ ಕಮ್ಮಿ ಆಗಿದೆ. ಹಿಂದಿನ ಗೋಡೆಯ ಬುಡದಲ್ಲಿ ಒಂದು ಗೇಣು ಎತ್ತರಕ್ಕೆ ಇನ್ನೂ ತೇವದ ಕಲೆ ಇದೆ, ಹೋದ ವರ್ಷ ಮೊಣಕಾಲೆತ್ತರ ಇತ್ತು. ಚರಂಡಿಯಲ್ಲಿ ಧರೆಯಿಂದ ಜಾರಿದ ಮಣ್ಣು ಆಗಲೇ ನಾಲ್ಕು ಬಾಂಡ್ಲಿಯಷ್ಟು ಕೂತಿದೆ, ಮಳೆ ಬಿಡುವು ಕೊಟ್ಟ ದಿನ ಎತ್ತಿ ಹಾಕಬೇಕು. ಬಚ್ಚಲಿನ ನೆಲ ಬಾಕಿ ಇದೆ, ಅಡಿಗೆ ಕಾಲು ಇಂಚು ವಾಟ ಸಿಗಬೇಕಾದರೆ ಅಲ್ಲಿಯ ಹೊಸ್ತಿಲು ಎತ್ತಬೇಕು. ದೀಪಾವಳಿ ಕಳೆದ ಮೇಲೆ ಬರ್ತೀನಿ ಅಂತ ಮೇಸ್ತ್ರಿ ಹೇಳಿದ್ದಾರೆ.